ಸುದ್ದಿಯಣ್ಣನ ಕೊನೆಯ ಧ್ವನಿಮುದ್ರಣ

ರೇಡಿಯೋ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ತಂತಿಯಕ್ಕ ಎನ್ನುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ತಂತಿ ಬೆಸೆಯುವ ಕೆಲಸಕ್ಕೆ ಸೇರಿ, ಟೇಪುಗಳ ಕಾಲ ಮುಗಿದಾಗ ಪ್ರೋಗ್ರಾಂ ಬರೆಯುವುದನ್ನೂ ಕಲಿತವಳು. ಗಂಡ ದರ್ಜಿ. ಅತ್ತೆಗೆ ಕಣ್ಣು ಮಂಜಾಗಿ, ದಿನವಿಡೀ ರೇಡಿಯೋವೇ ಜೊತೆ.

ಆ ಮಧ್ಯಾಹ್ನ ಮೊದಲ ಫೋನು ಬಂದದ್ದು ಅತ್ತೆಯಿಂದಲೇ.

"ಏ, ನಿಮ್ಮ ಸುದ್ದಿಯಣ್ಣ ಮಾತಾಡ್ತಿದ್ದಾನೆ ಕಣೇ! ನದಿ ಉಕ್ಕಿದೆಯಂತೆ, ದಂಡೆ ಬೀದಿಯವರೆಲ್ಲ ಮನೆ ಬಿಡಬೇಕಂತೆ."

"ಅತ್ತೆ, ಸುದ್ದಿಯಣ್ಣ ಹೋಗಿ ಎಷ್ಟು ವರ್ಷ ಆಯ್ತು?"

"ಅದಕ್ಕೇ ಮತ್ತೆ ಫೋನು ಮಾಡಿದ್ದು!"

ಆ ವರ್ಷ ಮಳೆ ಕೈಕೊಟ್ಟು ನದಿಯಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ. ಆದರೂ ದಂಡೆ ಬೀದಿಯ ಕೆಲವರು ಗಂಟುಮೂಟೆ ಕಟ್ಟಿಕೊಂಡು ಹೊರಗೆ ನಿಂತಿದ್ದರಂತೆ. ವರ್ಷಗಟ್ಟಲೆ ಆ ರೇಡಿಯೋದಲ್ಲಿ ಸುದ್ದಿ ಓದಿದ ಆ ದನಿ ಹೇಳಿದರೆ ಜನ ನಂಬುತ್ತಿದ್ದ ಕಾಲ ಒಂದಿತ್ತು.

ದಿನದ ಪ್ರಕಟಣೆಯನ್ನು ಹುಡುಕಿ ಹಾಕುವುದು ಕಂಪ್ಯೂಟರಿನದೇ ಕೆಲಸ. ಫೋಲ್ಡರಿನಲ್ಲಿರುವ ಕಡತಗಳ ಪಟ್ಟಿ ತೆಗೆದು, ಎಲ್ಲಕ್ಕಿಂತ ಹೊಸದನ್ನು ಅದು ಪ್ರಸಾರ ಮಾಡುತ್ತಿತ್ತು. ಪಟ್ಟಿ ತೆಗೆಯುವ ಭಾಗವನ್ನು ತಂತಿಯಕ್ಕ ಹಿಂದಿನ ದಿನವಷ್ಟೇ ಹೊಸದಾಗಿ ಬರೆದಿದ್ದಳು. ತಪ್ಪು ಬೇಗ ಸಿಕ್ಕಿತು. ಹೊಸ ಕಡತಗಳ ತಾರೀಕಿನ ಪಕ್ಕ ಗಂಟೆ ಇರುತ್ತಿತ್ತು, ಹಳೆಯವುಗಳ ಪಕ್ಕ ವರ್ಷ. ಅವಳ ಪ್ರೋಗ್ರಾಂ ಆ ವರ್ಷವನ್ನು ಓದದೆ ಎಲ್ಲಕ್ಕೂ ಈ ವರ್ಷವನ್ನೇ ಅಂಟಿಸಿತ್ತು. ಹಿಂದೆಂದೋ ಇದೇ ತಾರೀಕಿಗೆ ಬಂದ ಪ್ರವಾಹ ಹೀಗೆ ಇವತ್ತಿನದಾಗಿತ್ತು. ಹಳೆಯ ಕಡತವನ್ನು ಯಾರೋ ತಪ್ಪಿ ಇಲ್ಲಿ ಹಾಕಿರಬೇಕು ಎಂದುಕೊಂಡು, ತಾರೀಕು ಸರಿಪಡಿಸಿ ಮನೆಗೆ ಹೋದಳು.

ಮರುದಿನ ಹವಾಮಾನ ಪ್ರಕಟಣೆಯ ಹೊತ್ತಿಗೆ ರೇಡಿಯೋದಲ್ಲಿ ಬರೀ ಉಸಿರಾಟ ಕೇಳಿಸಿತು. ಆಮೇಲೆ ಅದೇ ದನಿ:

"ತಂಗೀ, ಬಾಗಿಲು ಹಾಕ್ಕೊಂಡು ಹೋಗು. ಹೊರಗಡೆ ಗಲಾಟೆ."

"ಆಯ್ತಣ್ಣ."

ಎರಡನೆಯದು ತಂತಿಯಕ್ಕನದೇ ದನಿ, ಎಳೆಯದು. ಅವಳು ಓಡಿ ಹೋಗಿ ನಿಲ್ಲಿಸುವಷ್ಟರಲ್ಲಿ ಊರೆಲ್ಲ ಕೇಳಿಯಾಗಿತ್ತು: ಕಾಗದದ ಸರಸರ, ಒಂದು ಕೆಮ್ಮು, ಸಣ್ಣಗಾಗುತ್ತ ಹೋದ ಉಸಿರು, ಆಮೇಲೆ ಏನೂ ಇಲ್ಲ.

ಸುದ್ದಿಯಣ್ಣ ತೀರಿಕೊಂಡದ್ದು ಆ ಧ್ವನಿಮುದ್ರಣದ ದಿನವೇ. ಬಾಗಿಲು ತೆಗೆದಾಗ ಮೇಜಿಗೆ ಕೆನ್ನೆಯಾನಿಸಿ ಕೂತಿದ್ದರು. ಟೇಪು ಓಡುತ್ತಿದ್ದದ್ದನ್ನು ಯಾರೂ ಗಮನಿಸಿರಲಿಲ್ಲ. ಟೇಪಿನ ಮೇಲಿದ್ದ ತಾರೀಕನ್ನೇ ಕೊಟ್ಟು ಅದನ್ನು ಕಂಪ್ಯೂಟರಿಗೆ ಇಳಿಸಿದವರೂ ಕೇಳಿರಲಿಲ್ಲ.

ಈ ಸಲದ ತಪ್ಪು, ಕಡತ ಹುಡುಕುವ ದಾರಿಯದು. ದಿನದ ಪ್ರಕಟಣೆಗಳ ಫೋಲ್ಡರಿನ ಹೆಸರಲ್ಲಿ ಎರಡು ಪದ, ನಡುವೆ ಖಾಲಿ ಜಾಗ. ಪ್ರೋಗ್ರಾಂ ಅಲ್ಲಿಗೇ ಕತ್ತರಿಸಿ ಮೊದಲ ಪದವನ್ನಷ್ಟೇ ಹಿಡಿದು ಹೊರಟಿತ್ತು. ಆ ಹೆಸರಿನದು ಹಳೆಯ ಟೇಪುಗಳ ಉಗ್ರಾಣ. ತಾರೀಕು ಸರಿಯಾದ ಮೇಲೆ, ಅಲ್ಲಿದ್ದವುಗಳಲ್ಲೆಲ್ಲ ಹೊಸದೆಂದರೆ ಅವರ ಕೊನೆಯದೇ. ಹೆಸರನ್ನು ಪೂರ್ತಿ ಓದುವಂತೆ ತಿದ್ದಿದಳು. ಆ ದಿನದ ಹವಾಮಾನ ಕೈಗೆ ಸಿಕ್ಕಿತು.

ಸಂಜೆ ಸುದ್ದಿಯಣ್ಣನ ಹೆಂಡತಿ ಬಂದರು.

"ಅತ್ತಿಗೆ, ತಪ್ಪಾಗಿ ಹೋಯ್ತು..."

"ಅದಿರಲಿ. ನೀನು ಮಧ್ಯದಲ್ಲೇ ನಿಲ್ಲಿಸಿಬಿಟ್ಟೆ. ಪೂರ್ತಿ ಹಾಕು."

ಇಬ್ಬರೂ ಕೂತು ಕೇಳಿದರು. ಉಸಿರು ನಿಂತ ಮೇಲೆ ಯಂತ್ರದ ಗುಂಯ್ ಎನ್ನುವ ಸದ್ದೊಂದೇ. ಇನ್ನು ಸಾಕೆಂದು ತಂತಿಯಕ್ಕ ಕೈ ಚಾಚಿದಳು. ಆಗ ಕುರ್ಚಿ ಕಿರ್ರೆಂದಿತು. ಹೆಜ್ಜೆ ಸದ್ದು: ಒಂದು ಗಟ್ಟಿಯಾಗಿ, ಇನ್ನೊಂದು ನೆಲ ಎಳೆಯುತ್ತ. ಬಾಗಿಲು ತೆರೆಯಿತು, ಹೊರಗಿನ ಗಲಾಟೆ ಒಳನುಗ್ಗಿತು, ಬಾಗಿಲು ಮುಚ್ಚಿತು. ಎಷ್ಟೋ ಹೊತ್ತಿನ ಮೇಲೆ "ಅಣ್ಣಾ, ಹೊತ್ತಾಯ್ತು" ಎಂಬ ತಂತಿಯಕ್ಕನ ಎಳೆಯ ದನಿ. ಹಿಂದೆಯೇ ಅವಳ ಕಿರುಚಾಟ.

ತಂತಿಯಕ್ಕ ಚಾಚಿದ ಕೈ ಹಿಂದೆ ತೆಗೆದುಕೊಂಡಳು. "ಯಾರಾದ್ರೂ ಬಂದು ಹೋಗಿರಬೇಕು ಅತ್ತಿಗೆ."

"ಬಂದ ಸದ್ದು ಕೇಳಿದ್ಯಾ ನೀನು?"

ಕೇಳಿರಲಿಲ್ಲ.

"ಎಡಗಾಲು ಎಳೀತಿದ್ರಲ್ಲ ಅವರು. ಆ ಸದ್ದಿಗೇ ಎದ್ದು ಬಾಗಿಲು ತೆಗೀತಿದ್ದೆ. ಆವತ್ತೂ ನಮ್ಮನೆ ಮೆಟ್ಟಿಲ ಮೇಲೆ ಕೇಳಿಸ್ತು, ತೆಗೆದೆ. ಯಾರೂ ಇರಲಿಲ್ಲ. ಆಮೇಲೆ ನಿಮ್ಮ ಕಚೇರಿಯವರು ಸುದ್ದಿ ತಂದ್ರು. ತಲೆ ಕೆಟ್ಟಿದೆ ಅಂದಾರು ಅಂತ ಇಷ್ಟು ದಿನ ಬಾಯಿ ಬಿಡಲಿಲ್ಲ." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನೆಟ್ಟಗೆ ಮನೆಗೇ ಬಂದಿದ್ರು, ನೋಡು."

ತಂತಿಯಕ್ಕ ಅವರನ್ನು ಬಸ್ಸು ಹತ್ತಿಸಿ ಬಂದಳು. ಪ್ರಸಾರ ಮತ್ತೆಂದೂ ಎಡವಲಿಲ್ಲ. ಆ ಕಡತವನ್ನು ಅಳಿಸಲು ಒಂದೆರಡು ಸಲ ಕೈ ಹೋದದ್ದುಂಟು, ಮನಸ್ಸು ಬರಲಿಲ್ಲ. ಅತ್ತಿಗೆಯೂ ಹೋದ ಮೇಲೆ ಒಮ್ಮೆ ಅದನ್ನು ತೆರೆದು ಕೂತಳು, ಹೆಜ್ಜೆ ಶುರುವಾಗುವ ಮೊದಲೇ ಎದ್ದು ಹೊರಗೆ ಬಂದುಬಿಟ್ಟಳು.