ಮನೆಗೊಂದು ಕೊಡ

ನೀರಿನ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಐವತ್ತೆರಡನೆಯ ವಯಸ್ಸಿನಲ್ಲಿ ಎಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಮನೆಯಿಂದ ಯಾವ ದಿಕ್ಕಿಗೆ ನಡೆದರೂ ಹೊಳೆ ಸಿಗುತ್ತಿತ್ತು. ಅಷ್ಟು ನೀರಿನ ನಡುವೆ ಬೆಳೆದವನ ಕಣ್ಣಿಗೆ ನೀರು ಬೀಳುವುದಿಲ್ಲ. ಬ್ಯಾಂಕಿನ ಕೆಲಸದ ಮೇಲೆ ಮದರಾಸಿಗೆ ಬಂದು, ವೆಸ್ಟ್ ಮಾಂಬಲಂನಲ್ಲಿ ಹನ್ನೆರಡು ಮನೆಗಳಿರುವ ಕಟ್ಟಡದ ಮೂರನೇ ಮಹಡಿಯಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೂ ನನ್ನ ದೃಷ್ಟಿ ಸುಧಾರಿಸಿರಲಿಲ್ಲ. ನೀರು ಹಿಡಿಯುವುದು ನನ್ನ ಹೆಂಡತಿ ಸರಸಳ ಇಲಾಖೆ. ನಾನು ಬಚ್ಚಲಿಗೆ ಹೋದಾಗ ಬಕೆಟ್ಟು ತುಂಬಿರುತ್ತಿತ್ತು. ಬಕೆಟ್ಟುಗಳ ಸ್ವಭಾವವೇ ಅದು ಎಂದುಕೊಂಡಿದ್ದೆ.

ಬ್ಯಾಂಕಿನಲ್ಲಿ ಸ್ವಯಂ ನಿವೃತ್ತಿಯ ಯೋಜನೆ ಬಂದಾಗ ಮೊದಲ ದಿನವೇ ಅರ್ಜಿ ಹಾಕಿ, ಇನ್ನು ಮೇಲೆ ಸ್ವಂತ ಉದ್ಯಮ ಎಂದು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಸಾರಿಬಿಟ್ಟೆ. ಯಾವ ಉದ್ಯಮ ಎಂದು ಕೇಳಿದವರಿಗೆ ಮುಗುಳ್ನಗುತ್ತಿದ್ದೆ, ಏಕೆಂದರೆ ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ವಸ್ತುಪ್ರದರ್ಶನದಲ್ಲಿ. ಅಲ್ಲೊಬ್ಬ ಸಣ್ಣದೊಂದು ಕೆಂಪು ಯಂತ್ರಕ್ಕೆ ಕೊಳವೆ ಸಿಕ್ಕಿಸಿ, ಪಾಚಿ ಹಿಡಿದು ಕಪ್ಪಾದ ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ನೀರು ಹಾಯಿಸಿದ. ನೀರು ಹೋದ ದಾರಿಯುದ್ದಕ್ಕೂ ಇಟ್ಟಿಗೆ ಕೆಂಪಗೆ ಹೊರಬಂತು. ನನ್ನ ಮೈ ಜುಮ್ಮೆಂದಿತು. ದಿನಾ ತಲೆಯ ಮೇಲೆ ಸುರಿದುಕೊಳ್ಳುವ ಸಾಧು ಪದಾರ್ಥದೊಳಗೆ ಇಂಥ ಶಕ್ತಿ ಅಡಗಿದೆಯೇ ಎಂದು ಬಾಯಿ ಬಿಟ್ಟುಕೊಂಡು ನಿಂತೆ. ವಾರದೊಳಗೆ ಯಂತ್ರ ಮನೆಗೆ ಬಂತು. ಏಳುಮಲೈ ಎಂಬ ವ್ಯಾನ್ ಡ್ರೈವರ್ ಜೊತೆಯಾದ. ಕರೆದವರ ಮನೆ ಬಾಗಿಲಿಗೇ ಹೋಗಿ ಕಾರು, ಅಂಗಳ, ತಾರಸಿ ತೊಳೆದುಕೊಡುವುದು ನಮ್ಮ ಯೋಜನೆಯಾಗಿತ್ತು.

ಸರಸ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳು: "ಅಲ್ಲಾ ರೀ, ಇದಕ್ಕೆ ನೀರು ಎಲ್ಲಿಂದ ತರ್ತೀರಿ?"

ನಲ್ಲಿಯಿಂದ, ಎಂದೆ. ಅದು ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ. ಕೆರೆಗಳು ಬತ್ತಿ, ನಲ್ಲಿಗಳು ಬರೀ ಗಾಳಿ ಉಗುಳುತ್ತಿದ್ದವು. ಹೊಳೆ ಕಂಡವನ ಹಾಗೆ ನಲ್ಲಿ ಎಂದ ನನ್ನನ್ನು ಅವಳು ಕನಿಕರದಿಂದ ನೋಡಿ ಒಳಗೆ ಹೋದಳು.

ಶಿವನ ವಿಷಯ ನನಗೆ ಆಗಾಗ ನೆನಪಾಗುತ್ತಿತ್ತು. ಆಕಾಶದಿಂದ ಧುಮುಕುವ ಗಂಗೆಯ ಒತ್ತಡವನ್ನು ಜಟೆಯಲ್ಲಿ ತಡೆದು ಹದವಾಗಿ ಬಿಟ್ಟವನು ಅವನು. ನಮ್ಮ ಕಸುಬಿನ ಮೂಲಪುರುಷ ಎನ್ನಲು ಅಡ್ಡಿಯಿಲ್ಲ. ಆದರೆ ಅವನಿಗೆ ನೀರು ಹೆಚ್ಚಾದ ಕಷ್ಟ. ನನ್ನ ಬಳಿ ಒತ್ತಡ ಬೇಕಾದಷ್ಟಿತ್ತು, ಗಂಗೆಯೇ ಇರಲಿಲ್ಲ. ಮದರಾಸಿನ ಬೀದಿ ಕೊಳವೆಗಳಲ್ಲಿ ನೀರು ತಾನಾಗಿ ಮೇಲೇಳುವುದಿಲ್ಲ, ಮನೆಯ ಮುಂದಿನ ಕೈಪಂಪನ್ನು ಒತ್ತಿ ಎಬ್ಬಿಸಬೇಕು. ಮೊದಲ ಪ್ರಯೋಗ ಅಲ್ಲೇ ಆಯಿತು. ಏಳುಮಲೈ ಪಂಪು ಒತ್ತಿ ಬಕೆಟ್ಟು ತುಂಬಿಸುವುದು, ಯಂತ್ರ ಅದನ್ನು ಹೀರುವುದು, ನಾನು ನನ್ನ ಸ್ಕೂಟರ್ ತೊಳೆಯುವುದು. ಯಂತ್ರದ ದಾಹಕ್ಕೆ ಅವನ ತೋಳು ಸಾಟಿಯಾಗಲಿಲ್ಲ. ಬಕೆಟ್ಟು ಬರಿದಾಗಿ ಯಂತ್ರ ಕಿರುಚಿಕೊಂಡಿತು. ತಲೆಯೆತ್ತಿ ನೋಡಿದರೆ ಪ್ಲಾಸ್ಟಿಕ್ ಕೊಡ ಹಿಡಿದು ಸರದಿಯಲ್ಲಿ ನಿಂತ ಹೆಂಗಸರು ಮಾತು ನಿಲ್ಲಿಸಿ ನನ್ನ ಸ್ಕೂಟರನ್ನೇ ನೋಡುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಎರಡನೆಯ ಪ್ರಯೋಗ ಕೀಲ್ಪಾಕಿನ ವೈದ್ಯರೊಬ್ಬರ ಮನೆಯಲ್ಲಿ. ಅವರ ಬೋರ್‌ವೆಲ್‌ನಲ್ಲಿ ನೀರು ಧಾರಾಳವಾಗಿತ್ತು. ಅವರ ಕಪ್ಪು ಕಾರನ್ನು ಫಳಫಳ ತೊಳೆದೆ. ಒಣಗಿದ ಮೇಲೆ ಉಪ್ಪಿನ ಬಿಳಿ ಗೆರೆಗಳು ಎದ್ದು ಕಾರು ವಿಭೂತಿ ಧರಿಸಿದಂತೆ ಕಂಡಿತು. ವೈದ್ಯರು ಕಾರನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಬಿಸಿಲಲ್ಲಿ ಹೆಚ್ಚು ತಿರುಗಬೇಡಿ ಎಂದು ಸಲಹೆ ಕೊಟ್ಟರು. ತಿರುವೊಟ್ಟಿಯೂರಿನ ಕಡೆ ಒಂದು ಬಾವಿಯಿದೆ ಎಂದು ಯಾರೋ ಹೇಳಿದ್ದು ಕೇಳಿ ಅಲ್ಲಿಗೂ ಹೋಗಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಅದರಲ್ಲಿ ಸಾರು ಮಾಡಿದರೆ ಉಪ್ಪು ಹಾಕುವ ಅಗತ್ಯವಿರಲಿಲ್ಲ. ಇನ್ನು ಉಳಿದದ್ದು ನೀರನ್ನು ಹೊತ್ತುಕೊಂಡೇ ತಿರುಗುವ ದಾರಿ. ಸಾವಿರ ಲೀಟರಿನ ತೊಟ್ಟಿಯ ಚಿತ್ರ ಬರೆದು ಏಳುಮಲೈಗೆ ತೋರಿಸಿದೆ. ಇದನ್ನು ಹಿಂದೆ ಇಟ್ಟರೆ ವ್ಯಾನಿನ ಮುಂದಿನ ಚಕ್ರ ರಸ್ತೆ ಬಿಟ್ಟು ಮೇಲೇಳುತ್ತದೆ, ಎಂದ. ಅಷ್ಟು ಹೊತ್ತಿಗೆ ನನ್ನ ಉದ್ಯಮ ಕಟ್ಟಡದಲ್ಲಿ ನಗೆಯ ವಸ್ತುವಾಗಿತ್ತು. ಹಳೆಯ ಸಹೋದ್ಯೋಗಿಯೊಬ್ಬ ತನ್ನ ಭಾವನ ಅಂಗಡಿಯಲ್ಲಿ ಗುಮಾಸ್ತನ ಜಾಗವಿದೆ ಎಂದಾಗ, ಯೋಚಿಸಿ ಹೇಳುತ್ತೇನೆ ಎಂದುಬಿಟ್ಟಿದ್ದೆ.

ಆಗ ನಮ್ಮ ಕಟ್ಟಡದ ನೆಲದೊಳಗಿನ ತೊಟ್ಟಿ, ಇಲ್ಲಿಯವರ ಮಾತಿನಲ್ಲಿ ಸಂಪು, ಪೂರ್ತಿ ಬತ್ತಿತು. ಕಾದು ಕಾದು ಮರುದಿನ ಬೆಳಿಗ್ಗೆ ನೀರಿನ ಲಾರಿ ಬರುವುದೆಂದು ಗೊತ್ತಾಯಿತು. ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ವರ್ಷಗಳ ಕೆಸರು. ಎರಡನೇ ಮಹಡಿಯ ಮಗುವೊಂದು ಆಗಷ್ಟೇ ಕಾಮಾಲೆಯಿಂದ ಎದ್ದಿತ್ತು. ಅಂಥ ಕೆಸರಿನ ಮೇಲೆ ಹೊಸ ನೀರು ಬಿಡುವುದು ಹೇಗೆ? ತೊಳೆಯೋಣವೆಂದರೆ ತೊಳೆಯಲು ನೀರೆಲ್ಲಿ? ನನ್ನ ಯಂತ್ರ ಕಡಿಮೆ ನೀರಿನಲ್ಲೇ ಕೆಲಸ ಮುಗಿಸುತ್ತದೆ ಎಂದು ನಾನು ಮೆಲ್ಲನೆ ಹೇಳಿದೆ. ಎಲ್ಲರೂ ನೆಲಮಹಡಿಯ ಅಲಮೇಲು ಮಾಮಿಯ ಕಡೆ ತಿರುಗಿದರು. ಎಪ್ಪತ್ತು ದಾಟಿದ ಮಾಮಿ ಕಟ್ಟಡದ ನೀರಿನ ಸರದಿಯನ್ನು ಯಾರೂ ನೇಮಿಸದೆಯೇ ನಡೆಸಿಕೊಂಡು ಬಂದವರು. ಎಷ್ಟು ನೀರು ಬೇಕು ಎಂದು ಕೇಳಿದರು. ನಾನು ಲೀಟರುಗಳಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿ ಅದನ್ನು ಕೊಡಗಳಿಗೆ ತಿರುಗಿಸಿಕೊಂಡರು.

"ಒರು ವೀಟ್ಟುಕ್ಕು ಒರು ಕುಡಂ. ಅದುಕ್ಕು ಮೇಲೆ ಒರು ಸೊಟ್ಟು ಕಿಡೈಯಾದು," ಎಂದರು. ಮನೆಗೊಂದು ಕೊಡ, ಅದರ ಮೇಲೆ ಒಂದು ತೊಟ್ಟೂ ಇಲ್ಲ.

ಅರ್ಧ ಗಂಟೆಯಲ್ಲಿ ಸಂಪಿನ ಪಕ್ಕ ಹನ್ನೆರಡು ಕೊಡಗಳು ಸಾಲಾಗಿ ನಿಂತವು, ನೆಲಮಹಡಿಯಿಂದ ಮೇಲಕ್ಕೆ ಮನೆಗಳ ಕ್ರಮದಲ್ಲಿ. ಪ್ರತಿಯೊಂದರ ಮೇಲೂ ಮನೆಯ ಗುರುತು ಬಣ್ಣದಲ್ಲಿ ಬರೆದಿತ್ತು. ಆ ಬೇಸಿಗೆಯಲ್ಲಿ ಒಂದು ಕೊಡವೆಂದರೆ ಒಂದು ಮನೆಯ ಒಂದು ದಿನದ ಅಡುಗೆ ಮತ್ತು ಕುಡಿಯುವ ನೀರು. ಕಾಮಾಲೆಯ ಮಗುವಿನ ತಾಯಿಯೂ ಒಂದು ಇಟ್ಟು ಹೋದಳು. ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಜನರ ಆಸ್ತಿಪತ್ರಗಳನ್ನೆಲ್ಲ ನಿರ್ಭಯವಾಗಿ ಮುಟ್ಟಿದವನು ನಾನು. ಆ ಕೊಡಗಳನ್ನು ಮುಟ್ಟುವ ಮೊದಲು ಯಂತ್ರದ ಕೊಳವೆಯನ್ನು ಮೂರು ಸಲ ಬಿಗಿ ಮಾಡಿ ನೋಡಿದೆ. ಯಂತ್ರ ನಡುವೆ ಕೈಕೊಟ್ಟರೆ ಹನ್ನೆರಡು ಮನೆಗಳ ನೀರು ಕೆಸರಾಗುತ್ತಿತ್ತು, ಆಮೇಲೆ ನಾನು ಆ ಮೆಟ್ಟಿಲು ಹತ್ತುವಂತಿರಲಿಲ್ಲ.

ನಾನು ಮತ್ತು ಏಳುಮಲೈ ಕೆಸರನ್ನೆಲ್ಲ ಮೊದಲೇ ಬಾಚಿ ಮೇಲೆ ಸಾಗಿಸಿದ್ದೆವು. ಯಂತ್ರ ಮೇಲೆ, ಅದು ಹೀರುವ ಪೀಪಾಯಿಗೆ ಕೊಡ ಸುರಿಯುತ್ತ ಏಳುಮಲೈ ಮೇಲೆ, ಕೊಳವೆ ಹಿಡಿದು ನಾನೊಬ್ಬನೇ ಕೆಳಗೆ. ಖಾಲಿ ಸಂಪಿನೊಳಗೆ ನಿಂತು ಸುತ್ತ ನೋಡಿದ್ದು ಅದೇ ಮೊದಲು. ಗೋಡೆಗಳ ಮೇಲೆ ಹಳೆಯ ಬೇಸಿಗೆ, ಹಳೆಯ ಮಳೆಗಳಲ್ಲಿ ನೀರು ನಿಂತಿದ್ದ ಮಟ್ಟಗಳೆಲ್ಲ ಗೆರೆಗಳಾಗಿದ್ದವು. ಒಂದು ಗೆರೆ ನನ್ನ ತಲೆಗಿಂತ ಮೇಲಿತ್ತು. ಇಷ್ಟು ವರ್ಷ ನನ್ನ ಕಾಲ ಕೆಳಗೆ ಇಷ್ಟು ನೀರು ಸದ್ದಿಲ್ಲದೆ ಬಂದು ಹೋಗಿತ್ತು, ನನಗೆ ಪರಿವೆಯೇ ಇರಲಿಲ್ಲ. ಗರ್ಭಗುಡಿಯಲ್ಲಿ ಆಗಬೇಕಾದದ್ದು ನನಗೆ ಅಲ್ಲಿ ಆಯಿತು. ಕೊಳವೆಯ ಗುಂಡಿ ಒತ್ತುವ ಮೊದಲು ನೀರಿಗೆ ಕೈ ಮುಗಿದೆ. ಆಮೇಲೆ ಒಂದೊಂದು ಗೇಣು ಗೋಡೆಗೂ ಎಷ್ಟು ಬೇಕೋ ಅಷ್ಟೇ ನೀರು ಬಿಟ್ಟೆ. ಹೊಲಸು ನೀರನ್ನೂ ಮಾಮಿ ಚೆಲ್ಲಗೊಡಲಿಲ್ಲ, ಬಕೆಟ್ಟಿನಲ್ಲಿ ಮೇಲೆ ತರಿಸಿ ತೆಂಗಿನ ಬುಡಕ್ಕೆ ಹಾಕಿಸಿದರು.

ಕೆಲಸ ಮುಗಿಯಿತು. ಇನ್ನೂ ಒಂದು ಕೊಡ ಮಿಕ್ಕಿದೆ ಎಂದು ಏಳುಮಲೈ ಕೂಗಿದಾಗ ಪರೀಕ್ಷೆಯಲ್ಲಿ ಪಾಸಾದವನಂತೆ ಹಿಗ್ಗಿ ಮೇಲೆ ಬಂದೆ. ಸಾಲಿನ ಕೊನೆಯಲ್ಲಿ ಉಳಿದಿದ್ದ ಕೊಡದ ಮೇಲೆ ಸರಸಳ ಕೈಬರಹದಲ್ಲಿ ನಮ್ಮ ಮನೆಯ ಸಂಖ್ಯೆ. ಹನ್ನೊಂದು ಮನೆಯವರ ನೀರು ಮುಗಿಸಿ ನನ್ನ ಮನೆಯದನ್ನು ಉಳಿಸಿಕೊಂಡಿದ್ದೆ. ಕೊನೆಯ ಮನೆ, ಕೊನೆಯ ಕೊಡ, ಅಷ್ಟೇ. ಆದರೂ ಮುಖಕ್ಕೆ ರಕ್ತ ನುಗ್ಗಿತು. ಸರಸ ಸೀದಾ ಒಳಗೆ ಹೋಗಿ ಹಿತ್ತಾಳೆಯ ಚೊಂಬು ತಂದು ಮಾಮಿಯ ಕೈಗಿಟ್ಟಳು.

"ನೀವೇ ಹಂಚಿ ಮಾಮಿ," ಎಂದಳು. "ನಮ್ದೂ ಸೇರಿಸಿ ಹನ್ನೆರಡು."

ಮಾಮಿ ಮೆಟ್ಟಿಲ ಮೇಲೆ ಕುಳಿತು ಅಳೆದರು. ಮನೆಗೊಂದು ಚೊಂಬು. ಎಲ್ಲರೂ ಪಾತ್ರೆ ತಂದು ಹಾಕಿಸಿಕೊಂಡರು. ಒಂದು ಹನಿ ಹೊರಗೆ ಬೀಳಲಿಲ್ಲ. ಕೊನೆಯದನ್ನು ಸರಸ ತೆಗೆದುಕೊಂಡಳು. ಕೊಡವನ್ನು ಬಾಗಿಸಿದರೆ ತಳದಲ್ಲಿ ಇನ್ನೂ ಒಂದು ಲೋಟದಷ್ಟು ಉಳಿದಿತ್ತು. ಮಾಮಿ ಕಷ್ಟಪಟ್ಟು ಎದ್ದು, ಅದನ್ನು ತಂದು ನನ್ನ ಯಂತ್ರದ ಪೀಪಾಯಿಗೆ ಸುರಿದರು.

"ಅದುವುಂ ವೇಲೆ ಸೆಂಜುದೇ, ಸಾರ್. ಅದುಕ್ಕು ಒರು ಪಂಗು ವೇಣ್ಡಾಮಾ?"

ಅದೂ ದುಡಿಯಿತಲ್ಲ, ಅದಕ್ಕೂ ಒಂದು ಪಾಲು ಬೇಡವೇ, ಎಂದು ಅವರು ಕೇಳುತ್ತಿದ್ದರು. ಕಣ್ಣೊರೆಸಿಕೊಂಡರೆ ಕೆಸರು ಎಂದುಕೊಳ್ಳುತ್ತಾರೆ ಎಂಬ ಧೈರ್ಯದಿಂದ ಒರೆಸಿಕೊಂಡೆ.

ಗುಮಾಸ್ತನ ಜಾಗ ಬೇಡವೆಂದು ಹೇಳಿ ಕಳಿಸಿದೆ. ವ್ಯಾನಿನಲ್ಲಿ ಇನ್ನೂರು ಲೀಟರಿನ ಒಂದು ಪೀಪಾಯಿ ಕಟ್ಟಿಸಿದೆವು. ಊರಾಚೆ ಏಳುಮಲೈಯ ಮಾವನ ತೋಟದಲ್ಲಿ ಸಿಹಿನೀರಿನ ಬಾವಿಯಿದೆ, ಬೆಳಿಗ್ಗೆ ಅಲ್ಲಿ ತುಂಬಿಸಿಕೊಂಡು ಹೊರಡುತ್ತೇವೆ. ಅದು ಮುಗಿದರೆ ಆ ದಿನದ ಕೆಲಸವೂ ಮುಗಿಯಿತು. ನಮ್ಮ ನೀರನ್ನೇ ಬಳಸಿಕೊಳ್ಳಿ, ಅಷ್ಟು ದೂರದಿಂದ ಯಾಕೆ ಹೊರುತ್ತೀರಿ ಎಂದು ಗಿರಾಕಿಗಳು ಹೇಳುವುದುಂಟು. ಬೇಡ ಎನ್ನುತ್ತೇನೆ. ಉಪ್ಪುನೀರಿನ ಭಯವೇ ಎಂದು ಕೇಳುತ್ತಾರೆ, ಹೌದೆಂದು ತಲೆಯಾಡಿಸುತ್ತೇನೆ. ನಿಜವಾದ ಭಯ ಬೇರೆ. ಈ ಊರಿನಲ್ಲಿ ನೀರು ಕೇಳಿದರೆ, ತಮಗಿಲ್ಲದಿದ್ದರೂ ಕೊಟ್ಟುಬಿಡುತ್ತಾರೆ.