ಮುಂದೆ ಅವರು, ಹಿಂದೆ ನಾನು

ನನ್ನ ಗಂಡನ ಮುಖಕ್ಕಿಂತ ಅವರ ಬೆನ್ನಿನ ಪರಿಚಯವೇ ನನಗೆ ಹೆಚ್ಚು ಎಂದರೆ ನೀವು ನಗಬಹುದು. ನಮ್ಮ ರಾಯಚೂರು ಸೀಮೆಯಲ್ಲಿ ನನ್ನ ವಯಸ್ಸಿನ ಯಾವ ಹೆಣ್ಣುಮಗಳನ್ನು ಬೇಕಾದರೂ ಕೇಳಿ ನೋಡಿ, ಇದೇ ಉತ್ತರ ಬರುತ್ತದೆ. ಗಂಡ ಹೆಂಡತಿ ಬೀದಿಗಿಳಿದರೆ ಗಂಡ ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ. ಸಂತೆಗೂ ಹಾಗೆಯೇ, ಗುಡಿಗೂ ಹಾಗೆಯೇ, ಸಿನಿಮಾಕ್ಕೂ ಹಾಗೆಯೇ. ಮದುವೆಯ ದಿನ ನನ್ನ ಸೆರಗಿಗೂ ಅವರ ಶಲ್ಯಕ್ಕೂ ಗಂಟು ಹಾಕಿ ನಡೆಸಿದರಲ್ಲ, ಅಂದು ಮಾತ್ರ ನಾವು ಹತ್ತಿರ ಹತ್ತಿರ ನಡೆದದ್ದು. ಸಂಜೆ ಗಂಟು ಬಿಚ್ಚಿದರು. ಅಂದು ಮುಂದೆ ಹೋದವರು, ಹೈದರಾಬಾದಿಗೆ ಬಂದು, ದಿಲ್‌ಸುಖ್‌ನಗರದಲ್ಲಿ ಬಟ್ಟೆ ಅಂಗಡಿ ಹಾಕಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡುವವರೆಗೂ ಮುಂದೆಯೇ ಇದ್ದರು.

ಆ ಬೆನ್ನಿನ ವಿಷಯದಲ್ಲಿ ನಾನು ಪಂಡಿತೆ. ಬಲಹೆಗಲು ಎಡಕ್ಕಿಂತ ತುಸು ಇಳಿದಿದೆ. ಸಿಟ್ಟು ಬಂದರೆ ಮೊದಲು ಕುತ್ತಿಗೆಯ ಹಿಂಭಾಗ ಕೆಂಪಾಗುತ್ತದೆ, ಆಮೇಲೆ ಮಾತು ಹೊರಡುತ್ತದೆ. ಸಂತೋಷವಾದರೆ ಎರಡೂ ಕೈ ಹಿಂದೆ ಕಟ್ಟಿಕೊಂಡು ಬೆರಳು ಕುಣಿಸುತ್ತಾರೆ. ಇದ್ಯಾವುದೂ ಅವರಿಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಆ ಬೆನ್ನು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಬಂದದ್ದನ್ನು ಮೊದಲು ಕಂಡವಳೂ ನಾನೇ. ಹಿಂದೆಲ್ಲ ಅವರ ಹೆಗಲ ಪಕ್ಕದಿಂದ ಎದುರಿಗೆ ಬರುವ ಮನುಷ್ಯರು ಕಾಣುತ್ತಿದ್ದರು. ಬರಬರುತ್ತ ಬಸ್ಸೂ ಕಾಣದಾಯಿತು.

ಅದನ್ನು ಮುಂದಿನಿಂದ ಕಂಡು ಗಾಬರಿಯಾದವರು ನಮ್ಮ ಓಣಿಯ ಡಾಕ್ಟರಮ್ಮ. ಚಿಕ್ಕ ವಯಸ್ಸಿನ ತೆಲುಗು ಹುಡುಗಿ, ಮಾತು ಸಿಹಿ, ತೀರ್ಪು ಕಹಿ. ಶುಗರ್ ಏರಿದೆ, ತೂಕ ಇಳಿಯಬೇಕು, ದಿನಾ ಬೆಳಿಗ್ಗೆ ನಡೆಯಬೇಕು ಎಂದರು. ಅಂಗಡಿಯ ಗಾದಿಯ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಕಾಲು ಮಡಚಿ ಕೂಡುವ ಮನುಷ್ಯನಿಗೆ, ಎಲ್ಲಿಗೂ ಹೋಗದೆ ಸುಮ್ಮನೆ ನಡೆಯುವುದು ಎಂಬ ಮಾತೇ ಅರ್ಥವಾಗಲಿಲ್ಲ. ಬರೆದುಕೊಟ್ಟ ಗುಳಿಗೆಯನ್ನೇನೋ ನುಂಗುತ್ತಿದ್ದರು. ಅದನ್ನೂ ನಾನು ಅಂಗೈಯಲ್ಲಿಟ್ಟು, ಜೊತೆಗೆ ನೀರಿನ ಲೋಟ ಹಿಡಿದು ನಿಂತರೆ ಮಾತ್ರ. ಹೀಗಿರುವಾಗ ನಡಿಗೆ ಎಂಬ ಔಷಧವನ್ನು ಅವರು ಒಬ್ಬರೇ ತೆಗೆದುಕೊಳ್ಳುವುದುಂಟೆ? ನೀನೂ ಬರಬೇಕು ಎಂದರು. ಹೋದೆ. ಮುಂದೆ ಅವರು, ಹಿಂದೆ ನಾನು.

ನಮ್ಮ ಮನೆಗೆ ಹತ್ತಿರದಲ್ಲೇ ಒಂದು ಪಾರ್ಕು. ಬೆಳಿಗ್ಗೆ ಅಲ್ಲಿ ಇಡೀ ಹೈದರಾಬಾದು ಕೊಬ್ಬು ಕರಗಿಸಲು ಬಂದಂತೆ ಕಾಣುತ್ತದೆ. ಕಿವಿಗೆ ವೈರು ಸಿಕ್ಕಿಸಿಕೊಂಡು ಓಡುವವರು, ಹಿಂದಕ್ಕೆ ನಡೆಯುವವರು, ಗುಂಪುಗೂಡಿ ಕಾರಣವಿಲ್ಲದೆ ನಗುವವರು. ಇವರ ನಡುವೆ ನಮ್ಮವರು ಬಿಳಿ ಪೈಜಾಮ ತೊಟ್ಟು, ಕೈ ಹಿಂದೆ ಕಟ್ಟಿ, ಮದುವೆ ಮನೆಯಲ್ಲಿ ಊಟದ ವ್ಯವಸ್ಥೆ ನೋಡಲು ಹೊರಟ ಹಿರಿಯರಂತೆ ಅಡಿಯಿಡುತ್ತಿದ್ದರು. ಆ ನಡಿಗೆಯಿಂದ ಬೆವರು ಬರುವುದಿರಲಿ, ಧೂಳೂ ಏಳುತ್ತಿರಲಿಲ್ಲ.

ಅಷ್ಟಾದರೂ ನಡೆದಿದ್ದರೆ ಪುಣ್ಯ. ಎರಡನೆಯ ದಿನವೇ ಶರಣಪ್ಪನವರು ಸಿಕ್ಕರು. ಸಿಂಧನೂರಿನವರು, ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಪಾರ್ಕಿನ ಹಿಂದೆಯೇ ಮನೆ. ದಿನವಿಡೀ ಅಂಗಡಿಯಲ್ಲಿ ತೆಲುಗಿನಲ್ಲಿ ಸೀರೆ ಹರವಿ, ಹಿಂದಿಯಲ್ಲಿ ಚೌಕಾಸಿ ಮಾಡಿ ದಣಿದ ನಾಲಿಗೆಗೆ ಒಂದು ಕನ್ನಡದ ಕಿವಿ ಸಿಕ್ಕರೆ ಹೇಗಿರುತ್ತದೆಂದು ಊರು ಬಿಟ್ಟವರಿಗಷ್ಟೇ ಗೊತ್ತು. ನಮ್ಮವರು ನಿಂತರು.

ನಮ್ಮ ಕಡೆಯ ಕುಶಲ ಪ್ರಶ್ನೆ ಎಂದರೆ ಬರಿಯ ನಮಸ್ಕಾರವಲ್ಲ, ಅದಕ್ಕೊಂದು ಕ್ರಮವಿದೆ. ಆರಾಮ ಅದೀರೇನ್ರಿ ಎಂದು ಶುರುವಾಗಬೇಕು. ಮನೆಯವರು, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಆರಾಮ ಇದ್ದಾರೆಂದು ಬಿಡಿಬಿಡಿಯಾಗಿ ಖಾತ್ರಿಯಾಗಬೇಕು. ಊರಲ್ಲಿ ಮಳೆ ಹೇಗೆ, ಜೋಳ ಹೇಗೆ, ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂದು ವಿಚಾರಣೆಯಾಗಬೇಕು. ಎಲ್ಲ ಮುಗಿದು, ಇಬ್ಬರೂ ಸುಮ್ಮನಾಗಿ, ಇನ್ನು ಹೊರಡುತ್ತಾರೆ ಎನ್ನುವಾಗ ಒಬ್ಬರು ನಿಟ್ಟುಸಿರು ಬಿಟ್ಟು "ಮತ್ತೇನ್ರಿ?" ಎನ್ನುತ್ತಾರೆ. ಅಲ್ಲಿಗೆ ಮತ್ತೆ ಮೊದಲಿನಿಂದ ಆರಂಭ. ಈ ಮತ್ತೇನ್ರಿ ಎನ್ನುವುದಕ್ಕೆ ಇಲ್ಲಿಯವರೆಗೆ ಯಾರೂ ಏನೂ ಇಲ್ಲ ಎಂದು ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಗಂಡಸರು ಮಾತಾಡುವಾಗ ಹೆಂಗಸರು ಹತ್ತಿರ ನಿಂತು ಬಾಯಿ ನೋಡುವುದು ನಮ್ಮಲ್ಲಿ ಸಭ್ಯತೆಯಲ್ಲ. ಊರಲ್ಲಾದರೆ ಯಾವುದಾದರೂ ಬಾಗಿಲಿಗೆ ಹೋಗಿ ಕೂಡಬಹುದಿತ್ತು. ಪಾರ್ಕಿನಲ್ಲಿ ಎಲ್ಲಿಗೆ ಹೋಗಲಿ? ಸೆರಗು ಹೊದ್ದು ಒಂದು ಸುತ್ತು ಹೋಗಿ ಬಂದೆ. ಮಾತು ಜೋಳದ ಹತ್ತಿರವಿತ್ತು. ಇನ್ನೊಂದು ಸುತ್ತು ಹೋದೆ. ಕಾಲುವೆಗೆ ನೀರು ಬಂದಿತ್ತು. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಮತ್ತೇನ್ರಿ ಆಗಿ, ಮಕ್ಕಳೆಲ್ಲ ಎರಡನೆಯ ಸಲ ಆರಾಮವಾಗಿದ್ದರು. ಹೀಗೆ ದಿನಾ ನಡೆಯಿತು. ಅಂದರೆ ನಾನು ನಡೆದೆ, ಅವರು ನಿಂತರು. ಮನೆಗೆ ಬಂದು ಇಬ್ಬರೂ ಸಮನಾಗಿ ದಣಿದವರಂತೆ ಕೂತು ಚಹಾ ಕುಡಿದೆವು. ವಾಕಿಂಗ್ ಮಾಡಿದವರಿಗೆ ಹಸಿವು ಹೆಚ್ಚೆಂದು ಅವರು ಒಗ್ಗರಣೆ ಮಂಡಕ್ಕಿಯನ್ನೂ ಮಿರ್ಚಿಯನ್ನೂ ಕೇಳಿ ಮಾಡಿಸಿಕೊಂಡರು.

ಒಮ್ಮೊಮ್ಮೆ ಸುತ್ತುತ್ತ ನನಗೇ ನಗು ಬರುತ್ತಿತ್ತು. ನಮ್ಮಲ್ಲಿ ಒಂದು ಹುಣ್ಣಿಮೆಗೆ ಹೆಂಗಸರು ಉಪವಾಸವಿದ್ದು ಆಲದ ಮರಕ್ಕೆ ನೂಲು ಸುತ್ತುತ್ತ ಪ್ರದಕ್ಷಿಣೆ ಹಾಕುತ್ತೇವೆ. ಗಂಡನ ಆಯುಷ್ಯ ಗಟ್ಟಿಯಾಗಲಿ ಎಂದು. ಉಪವಾಸ ನಮ್ಮದು, ಸುತ್ತುವುದು ನಮ್ಮದು, ಆಯುಷ್ಯ ಮನೆಯಲ್ಲಿ ಕೂತು ಪೇಪರು ಓದುತ್ತಿರುವವರದು. ಇಷ್ಟು ವರ್ಷ ಇದರಲ್ಲಿ ಏನೂ ತಪ್ಪು ಕಾಣದೆ ಸುತ್ತಿದವಳಿಗೆ, ಪಾರ್ಕಿನಲ್ಲೂ ಅದೇ ಲೆಕ್ಕ ನಡೆಯುತ್ತದೆಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ನಂಬಿಕೆಯಿತ್ತೋ ಏನೋ. ಆ ಲೆಕ್ಕ ದೇವರ ಮುಂದೆ ನಡೆಯುತ್ತದೆ, ಡಾಕ್ಟರಮ್ಮನ ಮುಂದೆ ನಡೆಯುವುದಿಲ್ಲ.

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರಮ್ಮ ನಮ್ಮವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೂಕ ಇಳಿಯುವ ಬದಲು ತುಸು ಏರಿತ್ತು. ಡಾಕ್ಟರಮ್ಮ ಯಂತ್ರವನ್ನೊಮ್ಮೆ, ನಮ್ಮವರನ್ನೊಮ್ಮೆ ನೋಡಿ, ಕೊನೆಗೆ ನನ್ನನ್ನು ನೋಡಿ, ನೀವು ಚೆನ್ನಾಗಿ ಇಳಿದಿದ್ದೀರಲ್ಲ ಅಮ್ಮಾ ಎಂದು ತೆಲುಗಿನಲ್ಲಿ ಹೊಗಳಿದರು. ಔಷಧ ಒಬ್ಬರಿಗೆ ಬರೆದು ಗುಣ ಇನ್ನೊಬ್ಬರಿಗೆ ಆದದ್ದನ್ನು ಅವರು ಅದೇ ಮೊದಲು ನೋಡಿರಬೇಕು. ಆಮೇಲೆ ನಗು ನಿಲ್ಲಿಸಿ ಹೇಳಿದರು: ಮುಂದಿನ ಸಲವೂ ಹೀಗೇ ಆದರೆ ಗುಳಿಗೆ ಸಾಲದು, ಇನ್ಸುಲಿನ್ ಸೂಜಿ ಶುರು ಮಾಡಬೇಕು.

ನಮ್ಮವರು ಸೂಜಿಗೆ ಹೆದರಿದರು. ನಾನು ಹೆದರಿದ್ದು ಸೂಜಿಗಲ್ಲ. ರಾಯಚೂರಿನಲ್ಲಿ ಅವರ ಅಣ್ಣ ಇದ್ದಾರೆ. ಇವರಂತೆಯೇ ನಗೆಯ ಮನುಷ್ಯ, ಇವರಂತೆಯೇ ಕೂತಲ್ಲಿ ಕೂಡುವ ವ್ಯಾಪಾರ. ಶುಗರು ಮೊದಲು ಅವರ ಕಾಲಿನ ಒಂದು ಬೆರಳು ತೆಗೆದುಕೊಂಡಿತು, ಆಮೇಲೆ ಪಾದವನ್ನೇ ತೆಗೆದುಕೊಂಡಿತು. ಬೀದಿಯಲ್ಲಿ ಪರಿಚಯದ ದನಿ ಕೇಳಿದರೆ ಮೊದಲು ಬಾಗಿಲಿಗೆ ಬರುತ್ತಿದ್ದವರು ಈಗ ಕುರ್ಚಿಯಿಂದಲೇ ಯಾರು ಎಂದು ಕೇಳುತ್ತಾರೆ. ಆ ದಿನ ದವಾಖಾನೆಯಿಂದ ಮನೆಗೆ ಬರುವಾಗ ನಾನು ಬೆನ್ನು ನೋಡಲಿಲ್ಲ. ಉದ್ದಕ್ಕೂ ಅವರ ಎರಡು ಪಾದಗಳನ್ನೇ ನೋಡುತ್ತ ಬಂದೆ. ನನಗೆ ತುಂಬ ಹೆದರಿಕೆಯಾಗಿತ್ತು.

ಹೇಳಿ ನೋಡಿದೆ. ಶರಣಪ್ಪನವರನ್ನು ಕಂಡರೆ ಕೈ ಮುಗಿದು ಮುಂದೆ ನಡೆಯಿರಿ ಎಂದೆ. ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಹೋಗುವಷ್ಟು ಕೆಟ್ಟವನೇ ನಾನು ಎಂದು ಅವರಿಗೆ ಬೇಸರವಾಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನನಗೇ ಗಾದೆ ಹೇಳಿದರು. ಗಾದೆಯ ಎರಡನೆಯ ಅರ್ಧಕ್ಕೆ ಅವರೇ ಸಾಕ್ಷಿ, ಸಂಶಯವಿಲ್ಲ. ಮೊದಲನೆಯ ಅರ್ಧದ ಬಗ್ಗೆ ಡಾಕ್ಟರಮ್ಮನ ಅಭಿಪ್ರಾಯ ಬೇರೆಯಿತ್ತು.

ಮರುದಿನ ಅವರು ಚಪ್ಪಲಿ ಹುಡುಕುತ್ತಿರುವಾಗಲೇ ನಾನು ಬಾಗಿಲು ದಾಟಿ ಹೊರಟುಬಿಟ್ಟೆ. ಯಾವ ಉಪಾಯವೂ ನನ್ನ ತಲೆಯಲ್ಲಿರಲಿಲ್ಲ. ಸಿಟ್ಟಿತ್ತು, ಅಷ್ಟೆ. ಹಿಂದಿನಿಂದ ನಿಲ್ಲೆಂದು ಕೂಗಿದರು, ನಿಲ್ಲಲಿಲ್ಲ. ಹೀಗೆ ಮದುವೆಯಾದಂದಿನಿಂದ ಮೊದಲ ಸಲ ದಿಲ್‌ಸುಖ್‌ನಗರದ ಬೀದಿಯಲ್ಲಿ ಮುಂದೆ ನಾನು, ಹಿಂದೆ ಅವರು. ಎದುರಿಗೆ ಬೆನ್ನಿಲ್ಲದ ರಸ್ತೆ ಎಷ್ಟು ಅಗಲ ಕಾಣುತ್ತದೆ, ನಿಮಗೆ ಹೇಳಿದರೆ ತಿಳಿಯಲಿಕ್ಕಿಲ್ಲ.

ಪಾರ್ಕಿನಲ್ಲಿ ಎಂದಿನ ಜಾಗದಲ್ಲಿ ಶರಣಪ್ಪನವರು ನಿಂತಿದ್ದರು. ನಾನು ಸೆರಗು ಸರಿಮಾಡಿಕೊಂಡು ಅವರನ್ನು ದಾಟಿ ಹೋದೆ. ಅವರು ನನ್ನನ್ನು ನೋಡಿದರು, ಬಹಳ ಹಿಂದೆ ಬರುತ್ತಿದ್ದ ನಮ್ಮವರನ್ನು ನೋಡಿದರು. ಮಳೆ ಬೆಳೆ ಎಲ್ಲ ಮರೆತು, ಕಾಳಜಿಯಿಂದ ಕೇಳಿದರು.

"ಯಾಕ್ರಿ, ಮನ್ಯಾಗ ಏನರ ಜಗಳ ಆಗೈತೇನ್ರಿ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಜನರಲ್ಲಿ ಹೆಂಡತಿ ಎಷ್ಟು ಹಿಂದೆ ಬಿದ್ದರೂ ಯಾರೂ ಏನೂ ಕೇಳುವುದಿಲ್ಲ. ಒಂದು ಫರ್ಲಾಂಗು ಹಿಂದಿದ್ದರೂ ಅದು ಸಂಸಾರವೇ. ಹೆಂಡತಿ ಮುಂದೆ ಹೊರಟು ಗಂಡ ದೂರದಲ್ಲಿ ಬರುತ್ತಿದ್ದರೆ ಮಾತ್ರ ಅದಕ್ಕೆ ಒಂದೇ ಅರ್ಥ, ಆಕೆ ಮುನಿಸಿಕೊಂಡು ತವರಿಗೆ ಹೊರಟಿದ್ದಾಳೆ.

"ಏ, ಅಂಥಾದ್ದೇನಿಲ್ರಿ. ಆಕಿ ಜರಾ ಜೋರ ಹೊಂಟಾಳ," ಎಂದು ನಮ್ಮವರು ಗಡಿಬಿಡಿಯಿಂದ ಹೇಳಿದ್ದು ಕೇಳಿಸಿತು. ಹಿಂದೆಯೇ ಚಪ್ಪಲಿಯ ಪಟಪಟ ಸದ್ದು. ಜಗಳವಿಲ್ಲ ಎಂದು ಊರಿಗೆ ತೋರಿಸಬೇಕಾದರೆ ಅವರು ನನ್ನ ಹತ್ತಿರವೇ ಇರಬೇಕು, ನನ್ನ ಹತ್ತಿರ ಇರಬೇಕಾದರೆ ನಡೆಯಬೇಕು. ಮಾತು ಬಲ್ಲ ಮನುಷ್ಯ ಜಗಳವಿಲ್ಲವೆಂದು ತೋರಿಸಲು ಮಾತನ್ನೇ ಬಿಡಬೇಕಾಯಿತು. ಅಂದು ಅವರು ನಿಲ್ಲದೆ ಮೂರು ಸುತ್ತು ಹಾಕಿದರು. ಮನೆಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಮಂಡಕ್ಕಿ ಕೇಳುವಷ್ಟು ಉಸಿರೂ ಉಳಿದಿರಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ನಾನು ತಿರುಗಿ ನೋಡುತ್ತಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಚಪ್ಪಲಿಯ ಸದ್ದೇ ಎಲ್ಲ ಹೇಳುತ್ತಿತ್ತು. ಜೋರಾದರೆ ಯಾರೋ ಕನ್ನಡದವರು ಎದುರಾಗಿದ್ದಾರೆ, ಮೆಲ್ಲಗಾದರೆ ಬಜ್ಜಿಯ ಬಂಡಿ ಹತ್ತಿರ ಬಂದಿದೆ. ಪಾಪ, ಶರಣಪ್ಪನವರು ಕೆಲವು ದಿನ ಒಬ್ಬರೇ ನಿಂತು ನೋಡಿದರು. ಆಮೇಲೆ ಮಾತು ಬೇಕಾದರೆ ನಡೆಯದೆ ಗತಿಯಿಲ್ಲವೆಂದು ತಿಳಿದು ಅವರೂ ನಮ್ಮವರ ಜೊತೆ ಹೆಜ್ಜೆ ಹಾಕತೊಡಗಿದರು. ಏದುಸಿರಿನಲ್ಲಿ ಮತ್ತೇನ್ರಿ ಎನ್ನುವುದು ಅಷ್ಟು ಸುಲಭವಲ್ಲ.

ಡಾಕ್ಟರಮ್ಮನ ಬಳಿಗೆ ಹೋಗುವ ಹಿಂದಿನ ವಾರ, ಶರಣಪ್ಪನವರು ಊರಿಗೆ ಹೋಗಿದ್ದ ದಿನ, ನಡೆಯುತ್ತ ನಡೆಯುತ್ತ ಹಿಂದಿನ ಸದ್ದು ನಿಂತುಹೋಯಿತು. ಮಾತಿನ ದನಿಯೂ ಇಲ್ಲ. ತಿರುಗಿ ನೋಡಿದರೆ ದಾರಿಯ ನಡುವೆ ನಿಂತಿದ್ದಾರೆ, ನೆಟ್ಟಗೆ, ಆರಾಮವಾಗಿ. ನನ್ನ ಕಾಲನ್ನೇ ನೋಡುತ್ತಿದ್ದಾರೆ.

"ನಿನ್ನ ಎಡಗಾಲು ಎಳೀತೈತಲ್ಲ," ಎಂದರು. "ಯಾವಾಗಿಂದ?"

"ಸಣ್ಣಾಕಿ ಹುಟ್ಟಿದಾಗಿಂದ್ರಿ."

ನಮ್ಮ ಸಣ್ಣ ಮಗಳಿಗೆ ಈಗ ಶಾಲೆಗೆ ಹೋಗುವ ಮಗನಿದ್ದಾನೆ. ಅವರು ಮನಸ್ಸಿನಲ್ಲೇ ವರ್ಷಗಳನ್ನು ಎಣಿಸುತ್ತಿರುವುದು ಮುಖದಲ್ಲಿ ಕಂಡಿತು. ಮುಖ ಓದಿ ನನಗೆ ಅಭ್ಯಾಸ ಕಡಿಮೆ, ಆದರೂ ಕಂಡಿತು.

"ಇಷ್ಟ ವರ್ಷ ನನಗ ಕಾಣಲೇ ಇಲ್ಲಲ್ಲ."

"ನೀವು ಮುಂದಿದ್ರಿ," ಎಂದೆ. ಚುಚ್ಚಬೇಕೆಂದು ಅಂದದ್ದಲ್ಲ. ಇದ್ದದ್ದನ್ನು ಹೇಳಿದೆ. ಆದರೆ ಹೇಳಿದ ಮೇಲೆ ನನಗೇ ಅಳು ಬಂದಂತಾಯಿತು, ಯಾಕೆಂದು ಕೇಳಬೇಡಿ. ಅವರ ಇಳಿದ ಹೆಗಲು, ಕೆಂಪಾಗುವ ಕುತ್ತಿಗೆ, ಕುಣಿಯುವ ಬೆರಳು ಎಲ್ಲವನ್ನೂ ಬಲ್ಲೆನೆಂಬ ಹೆಮ್ಮೆ ನನಗಿತ್ತಲ್ಲ, ನನ್ನ ಬಗ್ಗೆ ಹಾಗೆ ಬಲ್ಲವರು ಒಬ್ಬರೂ ಇರಲಿಲ್ಲವೆಂದು ಆಗಲೇ ನನಗೂ ತಿಳಿದದ್ದು.

ತಪಾಸಣೆಯ ದಿನ ತೂಕ ಇಳಿದಿತ್ತು. ಬಹಳವೇನಲ್ಲ, ಸೂಜಿಯನ್ನು ಸದ್ಯಕ್ಕೆ ದೂರ ಇಡುವಷ್ಟು. ನಿಜ ಹೇಳಬೇಕೆಂದರೆ ಆ ಸುದ್ದಿಯನ್ನು ಡಾಕ್ಟರಮ್ಮ ಎರಡು ಸಲ ಹೇಳಬೇಕಾಯಿತು. ಒಳಗೆ ಹೋದವರೇ ನಮ್ಮವರು ತಮ್ಮ ತೆಲುಗಿನಲ್ಲಿ, ನನ್ನದು ಆಮೇಲೆ ನೋಡಿದರಾಯಿತು, ಮೊದಲು ಈಕೆಯ ಕಾಲು ನೋಡಿ ಎಂದು ಹಟ ಹಿಡಿದು ನಿಂತಿದ್ದರು. ಡಾಕ್ಟರಮ್ಮ ನೋಡಿದರು, ಒಂದು ವ್ಯಾಯಾಮ ಹೇಳಿಕೊಟ್ಟರು, ದಪ್ಪ ಅಟ್ಟೆಯ ಚಪ್ಪಲಿ ತೆಗೆದುಕೊಳ್ಳಲು ಹೇಳಿದರು. ಮತ್ತೆ, ಅಷ್ಟು ಜೋರಾಗಿ ನಡೆಯಬೇಡಿ ಅಮ್ಮಾ ಎಂದರು.

ಇದೊಂದು ಸಂಕಟವಾಯಿತು. ನಾನು ಮೆಲ್ಲಗೆ ಮುಂದೆ ನಡೆದರೆ ಅವರ ತೂಕ ಇಳಿಯದು, ಅವರು ಜೋರಾಗಿ ಮುಂದೆ ನಡೆದರೆ ನನ್ನ ಕಾಲು ಮತ್ತೆ ಯಾರಿಗೂ ಕಾಣದು. ಅದಕ್ಕೆ ಪರಿಹಾರವನ್ನು ಅವರೇ ಕಂಡುಕೊಂಡರು. ಈಗ ಮೊದಲು ನನ್ನನ್ನು ಬಿಟ್ಟು ಶರಣಪ್ಪನವರನ್ನು ಎಳೆದುಕೊಂಡು ಬಿರಬಿರನೆ ಬೆವರು ಬರುವಷ್ಟು ಸುತ್ತುತ್ತಾರೆ. ಕೊನೆಯ ಸುತ್ತಿಗೆ ನನ್ನ ಹತ್ತಿರ ಬಂದು ಜೊತೆಯಾಗುತ್ತಾರೆ. ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ, ಎಡಗಡೆಗೆ, ನನ್ನ ಎಳೆಯುವ ಕಾಲಿನ ಪಕ್ಕಕ್ಕೆ. ಮೊದಮೊದಲು ಇಬ್ಬರಿಗೂ ಬಹಳ ನಾಚಿಕೆಯಾಯಿತು. ಗಂಟು ಹಾಕದೆ ಅಷ್ಟು ಹತ್ತಿರ ನಡೆದು ನಮಗೆ ಅಭ್ಯಾಸವಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಏನು ಮಾತಾಡಬೇಕೆಂದಂತೂ ತಿಳಿಯುವುದೇ ಇಲ್ಲ. ಮೊನ್ನೆ ಹೀಗೆಯೇ ಬಹಳ ಹೊತ್ತು ಸುಮ್ಮನೆ ನಡೆದೆವು. ಪಾರ್ಕಿನ ಬಾಗಿಲು ಹತ್ತಿರ ಬಂತು. ಇನ್ನು ಮನೆಗೆ ಹೋಗುವುದೇ ಎಂದುಕೊಳ್ಳುವಷ್ಟರಲ್ಲಿ ಅವರು ನಿಟ್ಟುಸಿರು ಬಿಟ್ಟು, ನನ್ನ ಕಡೆ ತಿರುಗಿ ಕೇಳಿದರು.

"ಮತ್ತೇನ?"

ಹೇಳುವುದು ಎಷ್ಟೊಂದಿತ್ತು. ಬಾಗಿಲು ದಾಟದೆ ಇನ್ನೊಂದು ಸುತ್ತಿಗೆ ತಿರುಗಿಕೊಂಡೆವು.