ರೈಲಿನ ಕಿಟಕಿಯಲ್ಲಿ ಇರದಿದ್ದ ಸಮುದ್ರ

ಕನಸು ನಿಜವಾದದ್ದು, ದೂರದಲ್ಲಿ ನಡೆದದ್ದು ಇಲ್ಲೇ ಕಂಡದ್ದು ಎಂದು ಯಾರಾದರೂ ಮಾತು ತೆಗೆದರೆ ಸ್ಟಾಫ್ ರೂಮಿನಿಂದ ಮೊದಲು ಎದ್ದು ಹೋಗುತ್ತಿದ್ದವಳು ನಾನೇ. ಲಿಂಗಸುಗೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವು ನಂಬದಿದ್ದರೂ ಬೇಸರವಿಲ್ಲ. ನಡೆದದ್ದಕ್ಕೆ ಏನನ್ನೂ ಸೇರಿಸಿಲ್ಲ, ಅಷ್ಟೇ.

ನಮ್ಮ ಅವ್ವ ಮಸ್ಕಿಯಲ್ಲಿ ನನ್ನ ತಮ್ಮ ಬಸವನ ಮನೆಯಲ್ಲಿರುತ್ತಾಳೆ. ನಾಲ್ಕು ವರ್ಷಗಳ ಹಿಂದೆ ಕಣ್ಣಿನ ಒತ್ತಡ ಏರಿ ಅವಳ ನೋಟ ಕುಗ್ಗುತ್ತಾ ಬಂತು. ಹೋದದ್ದು ಮರಳುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದರು ಸಿಂಧನೂರಿನ ಡಾಕ್ಟರು. ಹೊರಗೆ ಬಂದ ಮೇಲೆ ಅವ್ವ ಕೇಳಿದ್ದು ಒಂದೇ.

"ಹರೇದಾಗ ಸಿಂಧನೂರು ಬಾಜೂಕ ನಿರಾಶ್ರಿತರ ಕ್ಯಾಂಪಿನ ಗದ್ದ್ಯಾಗ ನಾಟಿ ಹಚ್ಚಾಕ ಹೋದಾಗ ಬಂಗಾಲಿ ಹೆಂಗಸ್ರು ಸಮುದ್ರದ ಮಾತು ಹೇಳ್ತಿದ್ರು. ಅದನ್ನೊಂದು ನೋಡಿಬಿಟ್ರ ಸಾಕವ್ವ."

ಒಂದು ತಿಂಗಳ ಮೇಲೆ ಬಸವನ ಕಾರಿನಲ್ಲಿ ಮೂವರೂ ಹೊರಟೆವು. ಮುದಗಲ್ ದಾಟುವುದರೊಳಗೆ ಅವ್ವ ಎರಡು ಸಲ ವಾಂತಿ ಮಾಡಿಕೊಂಡಳು. ಘಟ್ಟ ಇಳಿದು ಕುಮಟಾ ಸೇರುವಷ್ಟರಲ್ಲಿ ಅವಳಲ್ಲಿ ಕೂರುವ ಶಕ್ತಿಯೂ ಉಳಿದಿರಲಿಲ್ಲ. ದಡಕ್ಕೆ ಹೋಗುವ ಸ್ಥಿತಿಯಲ್ಲಿ ಅವಳಿರಲಿಲ್ಲ, ರಾತ್ರಿ ಅಲ್ಲೇ ಉಳಿದೆವು. ಕುಂದಾಪುರದ ದಡದಲ್ಲಿ ಬಸವ ಕೋಣೆ ಗೊತ್ತು ಮಾಡಿದ್ದ. ಅಲ್ಲಿಯವರೆಗೆ ಕಾರೋ ರೈಲೋ ಎಂದು ಮರುದಿನ ನಮ್ಮಿಬ್ಬರಿಗೂ ಜಗಳವಾಯಿತು. ನಕಾಶೆಯಲ್ಲಿ ರೈಲಿನ ಗೆರೆ ಸಮುದ್ರದ ಅಂಚಿಗೇ ಇತ್ತು. ಅದನ್ನೇ ನಂಬಿ ನಾನು ರೈಲೆಂದೆ.

"ರೈಲಿನ್ಯಾಗ ಹೋಗಿ ಬರೇ ಗುಡ್ಡ ನೋಡ್ಕೋತ ಕುಂದರ್ತೀರಿ. ಸಮುದ್ರ ಇರೋದು ರಸ್ತೆ ಬಾಜೂಕ," ಎಂದ ಬಸವ.

"ನೀ ಕಾರು ಹೊಡಿಯೋ ರೀತಿಗೆ ಅವ್ವ ಕರುಳು ಕಾರಾಕತ್ತಾಳ. ಸುಮ್ನಿರಲೇ."

"ಇಬ್ರೂ ಬಾಯಿ ಮುಚ್ರಿ," ಎಂದಳು ಅವ್ವ. "ಕಾರು ಸಾಕು. ರೈಲಿಗೇ ಹೋಗ್ತೀನಿ."

ಬಸವ ಸಾಮಾನು ಹಾಕಿಕೊಂಡು ಒಬ್ಬನೇ ಕಾರಿನಲ್ಲಿ ಹೊರಟ. ನಾವು ಮಧ್ಯಾಹ್ನದ ರೈಲು ಹತ್ತಿದೆವು. ಅವ್ವನನ್ನು ಪಡುವಣದ ಕಿಟಕಿಗೆ ಕೂರಿಸಿ ಎದುರಿಗೆ ಕುಳಿತೆ. ಹೊನ್ನಾವರ ಹೋಯಿತು, ಭಟ್ಕಳ ಹೋಯಿತು. ಹೊಳೆ, ಸುರಂಗ, ತೋಟ ಬಿಟ್ಟರೆ ಬೇರೇನೂ ಇಲ್ಲ. ಪಕ್ಕದಲ್ಲಿದ್ದ ಹೆಂಗಸನ್ನು ಸಮುದ್ರ ಎಲ್ಲಿ ಬರುತ್ತದೆಂದು ಕೇಳಿದೆ. "ಈ ರೈಲಂಗೆ ಸಮುದ್ರ ಕಾಂತಿಲ್ಲೆ ಮಾರಾಯ್ರೆ," ಎಂದು ಆಕೆ ನಕ್ಕಳು. ಕೊನೆಯವರೆಗೂ ಕಾಣುವುದೇ ಇಲ್ಲವಂತೆ. ಅವ್ವನ ಒಂದು ದಿನವನ್ನು ನಾನೇ ಹಾಳು ಮಾಡಿದ್ದೆ.

ಬೈಂದೂರಿನಲ್ಲಿ ಗಡಿಯಾರ ನೋಡಿದ್ದೆ. ರೈಲು ಅಲ್ಲಿಂದ ಬಿಟ್ಟು ಹತ್ತು ನಿಮಿಷವಾಗಿರಬೇಕು. ಅವ್ವ ಕಿಟಕಿಯ ಸರಳು ಹಿಡಿದು ಮುಂದೆ ಬಾಗಿದಳು.

"ಬಂತು ನೋಡವ್ವ. ಈ ಕಡಿ ಹೊಳಿ, ಆ ಕಡಿ ಸಮುದ್ರ. ನಡುವ ರಸ್ತೆ ಒಂದ. ನೆಲಕ್ಕ ಬದುವೇ ಇಲ್ಲ, ಎಲ್ಲಾ ಒಂದ ಗದ್ದಿ ಮಾಡಿ ನೀರು ಬಿಟ್ಟಂಗೈತಿ."

ನಾನು ಹೊರಗೆ ನೋಡಿದೆ. ಕಿಟಕಿಗೆ ಅಂಟಿಕೊಂಡಂತೆ ಕೆಂಪು ಮಣ್ಣಿನ ಗುಡ್ಡ ಸರಿಯುತ್ತಿತ್ತು.

"ನಮ್ಮ ಕಾರು ನಿಂತೈತಿ. ಬಸವ ಕಲ್ಲಿನ ಮ್ಯಾಲೆ ಕುಂತಾನ. ಒಬ್ಬಾಕಿ ಮೀನಿನ ಬುಟ್ಟಿಯಾಕಿ ಅವನ್ನ ಬೈಯಾಕತ್ತಾಳ. ಅಯ್ಯ, ಹೋತು! ಚಪ್ಪಲಿ ನೀರಾಗ ಹೋತು!"

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನಗೆ ಸಮಾಧಾನವಾಗಲೆಂದು ಕಟ್ಟಿ ಹೇಳುತ್ತಿದ್ದಾಳೆ ಎಂದುಕೊಂಡೆ. "ಹೌದಬೇ, ಚಲೋ ಐತಿ," ಎಂದೆ.

ಕುಂದಾಪುರದ ಸ್ಟೇಷನ್ನಿನ ಹೊರಗೆ ಬಸವ ಬರಿಗಾಲಲ್ಲಿ ನಿಂತಿದ್ದ. ನಾನು ಕೇಳುವ ಮೊದಲೇ ಹೇಳತೊಡಗಿದ. ಹೊಳೆಗೂ ಸಮುದ್ರಕ್ಕೂ ನಡುವೆ ರಸ್ತೆ ಹಾಯುವ ಮರವಂತೆಯಲ್ಲಿ ಕಾರು ನಿಲ್ಲಿಸಿ ಕಲ್ಲಿನ ಮೇಲೆ ಕುಳಿತನಂತೆ, ಬುಟ್ಟಿಗೆ ಅಡ್ಡ ಕಾರು ನಿಲ್ಲಿಸಿದೆಯೆಂದು ಮೀನಿನವಳು ಬೈದಳಂತೆ, ಅಷ್ಟರಲ್ಲಿ ಅಲೆ ಚಪ್ಪಲಿ ಎಳೆದುಕೊಂಡು ಹೋಯಿತಂತೆ. ನಾನು ಅವನಿಗೆ ಫೋನ್ ಮಾಡಿರಲಿಲ್ಲ. ಅವ್ವನ ಫೋನು ಕಾರಿನ ಚೀಲದಲ್ಲಿತ್ತು. ಅವನು ಅಲ್ಲಿ ತೆಗೆದ ಫೋಟೊದ ಸಮಯ ನೋಡಿದೆ. ಬೈಂದೂರು ಬಿಟ್ಟ ಹನ್ನೊಂದನೆಯ ನಿಮಿಷ.

ಇಷ್ಟೇ ಆಗಿದ್ದರೆ ಹೇಗೋ ತಾಳೆಯಾಯಿತೆಂದು ಬಿಟ್ಟುಬಿಡುತ್ತಿದ್ದೆನೇನೋ.

ಮರುದಿನ ಬೆಳಿಗ್ಗೆ ಕೈ ಹಿಡಿದುಕೊಂಡು ಅವಳನ್ನು ದಡಕ್ಕೆ ಕರೆದೊಯ್ದೆವು. ಬಿಸಿಲು ಚೆನ್ನಾಗಿತ್ತು. ಬಸವ ಒಂದು ದೋಣಿ ತೋರಿಸಿದ. ಅವ್ವ ಬೇರೆಲ್ಲೋ ನೋಡಿ "ಹೂಂ" ಎಂದಳು. ನಾನು ಮೆಲ್ಲಗೆ ಅವಳ ಕಣ್ಣ ಮುಂದೆ ಕೈ ಆಡಿಸಿದೆ. ರೆಪ್ಪೆ ಬಡಿಯಲಿಲ್ಲ.

"ಯಾವಾಗಿಂದ ಬೇ?"

"ಎರಡು ವಾರ ಆತು. ಹೇಳಿದ್ರ ಕರಕೊಂಡು ಬರ್ತಿದ್ರೇನು?"

ಮಸ್ಕಿಯ ಮನೆಯಲ್ಲಿ ಹೊಸ್ತಿಲು, ಒಲೆ, ಗೋಡೆ ಎಲ್ಲವೂ ಅವಳ ಕೈಗೆ ಗೊತ್ತಿದ್ದವು. ಜೊತೆಗಿದ್ದ ಬಸವನಿಗೂ ತಿಳಿದಿರಲಿಲ್ಲ.

"ಹಂಗಾರ ನಿನ್ನೆ ರೈಲಿನ್ಯಾಗ ಏನು ನೋಡಿದಿ?"

"ಸಮುದ್ರ. ಎಷ್ಟು ಸಲ ಹೇಳ್ಲಿ?"

ಊರಿಗೆ ಮರಳಿದ ಮೇಲೆ ಡಾಕ್ಟರು ಪರೀಕ್ಷಿಸಿ, ಬೆಳಕು ಬಿಟ್ಟು ಬೇರೇನೂ ಕಾಣುವಂತಿಲ್ಲ ಎಂದರು. ಎರಡು ವಾರ ಎಂಬ ಅವಳ ಮಾತೂ ಸರಿಯಿರಬಹುದು ಎಂದರು.

"ಅವ್ವ ನೋಡ್ಯಾಳ, ಮುಗೀತು," ಎನ್ನುತ್ತಾನೆ ಬಸವ. ಅವನಿಗೆ ಅದರಿಂದ ನೆಮ್ಮದಿ. ನನಗಿಲ್ಲ. ಕಣ್ಣು ಆರಿದ ಮೇಲೆ ಕರೆದೊಯ್ದೆವೋ, ಅವಳು ಬೇಡಿದ್ದು ಅವಳಿಗೆ ಸಿಕ್ಕಿತೋ, ಇಂದಿಗೂ ಗೊತ್ತಿಲ್ಲ. ಎದುರಿಗೆ ಕುಳಿತಿದ್ದವಳು ನಾನೊಬ್ಬಳೇ. ಅವಳು ನಗುತ್ತಿದ್ದಾಗ ಕಿಟಕಿಯಾಚೆ ಗುಡ್ಡವಿತ್ತು ಎಂಬುದನ್ನಷ್ಟೇ ನಾನು ಆಣೆ ಮಾಡಿ ಹೇಳಬಲ್ಲೆ.